ಬಿರುಕು ಬಿಟ್ಟ ವರ್ಷ: ಐತಿಹಾಸಿಕ ಪ್ರೇಮ ಕಾದಂಬರಿಗೆ ಕಾಲ, ಸ್ಥಳ ಆರಿಸುವ ಬಗೆ

ನನ್ನ ಮೊದಲ ಐತಿಹಾಸಿಕ ಪ್ರೇಮ ಕಾದಂಬರಿಯ ಕರಡು 140ನೇ ಪುಟದಲ್ಲಿ ನಿಂತುಹೋಯಿತು. ಕಥೆ ನಡೆಯುತ್ತಿದ್ದದ್ದು 1810ರ ಆಸುಪಾಸಿನ ಲಂಡನ್ನಿನಲ್ಲಿ. ಸಾರೋಟು, ಮೇಣದ ಬತ್ತಿ, ನೃತ್ಯಕೂಟ, ರೇಷ್ಮೆಯ ಕೈಗವಸು ಎಲ್ಲವೂ ಇದ್ದವು. ಪ್ರೀತಿಸುವ ಇಬ್ಬರೂ ಇದ್ದರು. ಓದಿದ ಗೆಳತಿ ಒಂದೇ ಪ್ರಶ್ನೆ ಕೇಳಿದಳು: "ಇವರು ನಾಳೆ ಬೆಳಗ್ಗೆಯೇ ಮದುವೆಯಾಗಿಬಿಟ್ಟರೆ ಏನಾಗುತ್ತದೆ?" ನನ್ನ ಬಳಿ ಉತ್ತರ ಇರಲಿಲ್ಲ. ಅವರಿಬ್ಬರ ನಡುವೆ ನಾನು ಇಟ್ಟಿದ್ದದ್ದು ಬರೀ ತಪ್ಪು ತಿಳಿವಳಿಕೆ. ಅದು ಯಾವ ಕಾಲದಲ್ಲಾದರೂ, ಯಾವ ಊರಿನಲ್ಲಾದರೂ ಹುಟ್ಟಬಹುದಿತ್ತು. ಸಾರೋಟನ್ನು ತೆಗೆದು ಕಾರು ಇಟ್ಟರೂ ಕಥೆ ಅಲ್ಲಾಡುತ್ತಿರಲಿಲ್ಲ.

ಆ ಕರಡನ್ನು ಎತ್ತಿಟ್ಟ ಮೇಲೆ ಕಾಲ, ಸ್ಥಳ ಆರಿಸುವ ನನ್ನ ಕ್ರಮವೇ ಬದಲಾಯಿತು. ಈಗ ಮನಸ್ಸಿಗೆ ಹಿಡಿಸಿದ ಉಡುಪಿನಿಂದಲೋ ಅರಮನೆಯಿಂದಲೋ ಶುರುಮಾಡುವುದಿಲ್ಲ. ಒಂದು ನಿಯಮ ಇನ್ನೂ ಗಟ್ಟಿಯಾಗಿ ನಿಂತಿದ್ದು, ಅದೇ ಹೊತ್ತಿಗೆ ಅದರಲ್ಲಿ ಬಿರುಕು ಕಾಣಿಸಿಕೊಂಡ ವರ್ಷ ಯಾವುದೆಂದು ಹುಡುಕುತ್ತೇನೆ. ಪ್ರೇಮ ಕಥೆಗೆ ಬೇಕಾದ ಭಯ, ಆಸೆ ಎರಡೂ ಸಿಗುವುದು ಆ ಬಿರುಕಿನಲ್ಲಿ. ಗೋಡೆ ಎಲ್ಲೂ ಸಡಿಲವಾಗದಿದ್ದರೆ ನೀವು ದುರಂತವನ್ನೇ ಬರೆಯಬೇಕಾಗುತ್ತದೆ. ಗೋಡೆಯೇ ಇಲ್ಲದಿದ್ದರೆ ನನ್ನ ಆ 140 ಪುಟಗಳಿಗೆ ಆದ ಗತಿಯೇ ಆಗುತ್ತದೆ.

ಹೆಜ್ಜೆ 1: ಅಡ್ಡಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಇತಿಹಾಸದ ಪುಸ್ತಕ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ಹೀಗೆ ಬರೆಯಿರಿ: "ಇವರಿಬ್ಬರು ಒಂದಾಗಲಾರರು, ಏಕೆಂದರೆ..." ಮುಂದಿನದ್ದನ್ನು ನೀವು ತುಂಬಬೇಕು. ತಡೆ ಕಾನೂನಿನದ್ದಿರಬಹುದು, ಧರ್ಮದ್ದಿರಬಹುದು, ಅಂತಸ್ತಿನದ್ದು, ಆಸ್ತಿಯದ್ದು, ಯುದ್ಧದ್ದು, ದೂರದ್ದು, ಈಗಾಗಲೇ ಆಗಿಹೋದ ಮದುವೆಯದ್ದು ಕೂಡ ಇರಬಹುದು. ಬರೆದ ವಾಕ್ಯವನ್ನು ಇವತ್ತಿನ ದಿನಕ್ಕೆ ತಂದು ಓದಿ ನೋಡಿ. ಇವತ್ತಿಗೂ ಹಾಗೆಯೇ ಹೊಂದಿಕೊಂಡರೆ ಅದಕ್ಕೆ ಇತಿಹಾಸದ ಅಗತ್ಯವಿಲ್ಲ.

ವಾಕ್ಯ ಸರಿಯಾಗಿದ್ದರೆ ಅದೇ ನಿಮ್ಮನ್ನು ಒಂದು ಕಾಲಕ್ಕೆ ಕರೆದೊಯ್ಯುತ್ತದೆ. ಉದಾಹರಣೆಗೆ, "ಅವಳು ಅವನನ್ನು ಪ್ರೀತಿಸುತ್ತಾಳೆ, ಆದರೆ ಮದುವೆಯಾದ ದಿನವೇ ತಾನು ಕಟ್ಟಿದ ವ್ಯಾಪಾರ ಅವನ ಕೈಗೆ ಹೋಗುತ್ತದೆ" ಎಂದು ಬರೆದಿದ್ದೀರಿ ಅನ್ನಿ. ಇದು ನೇರವಾಗಿ 19ನೇ ಶತಮಾನದ ಇಂಗ್ಲೆಂಡಿಗೆ ಹೋಗುತ್ತದೆ. ಅಲ್ಲಿ ಮೊದಲೇ ಟ್ರಸ್ಟ್ ಒಪ್ಪಂದ ಮಾಡಿಕೊಳ್ಳದಿದ್ದರೆ ಹೆಂಡತಿಯ ಸ್ವತ್ತಿನ ಮೇಲಿನ ಅಧಿಕಾರ ಗಂಡನದ್ದಾಗುತ್ತಿತ್ತು. ವಿವಾಹಿತ ಮಹಿಳೆಯ ಆಸ್ತಿ ಕಾಯ್ದೆ 1870ರಲ್ಲಿ ಅವಳ ದುಡಿಮೆಯ ಹಣವನ್ನು ಅವಳಿಗೆ ಬಿಟ್ಟುಕೊಟ್ಟಿತು. 1882ರ ಕಾಯ್ದೆ ಅವಳ ಆಸ್ತಿಯನ್ನೇ ಅವಳದ್ದಾಗಿಸಿತು. ಹಾಗಾಗಿ 1868ರಲ್ಲಿ ಅವಳು ಮದುವೆಗೆ ಹೆದರಿದರೆ ಅದರಲ್ಲಿ ಚಂಚಲತೆಯೇನೂ ಇಲ್ಲ, ಲೆಕ್ಕಾಚಾರವಿದೆ. ಅದೇ ಹೆದರಿಕೆಯನ್ನು 1885ರಲ್ಲಿ ಇಟ್ಟರೆ ಓದುಗರು ನಂಬುವುದಿಲ್ಲ.

ಹೆಜ್ಜೆ 2: ಬಿರುಕು ಬಿಟ್ಟ ವರ್ಷವನ್ನು ಹುಡುಕಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮದುವೆಯ ಕಾನೂನುಗಳಿಂದ ಹುಡುಕಾಟ ಶುರುಮಾಡಿ. ಅವುಗಳ ದಿನಾಂಕ ಖಚಿತವಾಗಿ ಸಿಗುತ್ತದೆ, ಮತ್ತು ಒಂದೊಂದು ಕಾನೂನೂ ಸಾವಿರಾರು ಜನರ ಹಾಸಿಗೆ, ಅಡುಗೆಮನೆ, ಉಯಿಲುಗಳ ಒಳಗೆ ಕೈಹಾಕಿರುತ್ತದೆ.

ಇಂಗ್ಲೆಂಡಿನ ಸಂಸತ್ತು 1753ರಲ್ಲಿ ಗುಟ್ಟಿನ ಮದುವೆಗಳನ್ನು ತಡೆಯಲು ಕಾಯ್ದೆ ಮಾಡಿತು. ಅದು ಜಾರಿಗೆ ಬಂದದ್ದು 1754ರ ಮಾರ್ಚ್ 25ಕ್ಕೆ. ಅಲ್ಲಿಂದ ಮುಂದೆ ಮದುವೆ ಚರ್ಚಿನಲ್ಲೇ ನಡೆಯಬೇಕು. ಮೊದಲೇ ಸಾರ್ವಜನಿಕವಾಗಿ ಘೋಷಣೆಯಾಗಬೇಕು, ಇಲ್ಲವೇ ಪರವಾನಗಿ ಇರಬೇಕು. 21 ತುಂಬದವರು ಪರವಾನಗಿಯ ಮೇಲೆ ಮದುವೆಯಾಗುವುದಾದರೆ ತಂದೆಯ ಅಥವಾ ಪೋಷಕರ ಒಪ್ಪಿಗೆ ಬೇಕು. ಗೋಡೆ ಎದ್ದು ನಿಂತಿತು. ಆದರೆ ಆ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಸಾಕ್ಷಿಗಳ ಮುಂದೆ ಇಬ್ಬರೂ ಒಪ್ಪಿಗೆ ಹೇಳಿದರೆ ಸಾಕಿತ್ತು. ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿ ಓಡಿಹೋದ ಜೋಡಿಗಳ ಊರಾದದ್ದು ಹೀಗೆ. ಲಂಡನ್ನಿನಿಂದ ಅಲ್ಲಿಗೆ ಸುಮಾರು 500 ಕಿಲೋಮೀಟರ್ ದಾರಿ, ಹಿಂದೆ ಅಟ್ಟಿಸಿಕೊಂಡು ಬರುವ ತಂದೆಯ ಕುದುರೆಗಾಡಿ. 1856ರಲ್ಲಿ ಇನ್ನೊಂದು ಕಾಯ್ದೆ ಬಂತು. ಇಬ್ಬರಲ್ಲಿ ಒಬ್ಬರಾದರೂ ಮದುವೆಗೆ ಮುಂಚೆ 21 ದಿನ ಸ್ಕಾಟ್ಲೆಂಡಿನಲ್ಲಿ ಇದ್ದಿರಬೇಕು ಎಂದಿತು. ಅಲ್ಲಿಗೆ ಆ ಬಿರುಕು ಮುಚ್ಚಿತು. 1754ರಿಂದ 1856ರವರೆಗಿನ ಈ ನೂರು ವರ್ಷದೊಳಗೆ ಓಡಿಹೋಗುವ ಕಥೆಗೆ ಬೇಕಾದ ದಾರಿ, ಗಡಿ, ಗಡುವು ಮೂರನ್ನೂ ಕಾನೂನೇ ಬರೆದುಕೊಟ್ಟಿದೆ.

ಫ್ರಾನ್ಸಿನದ್ದು ಇನ್ನೂ ಸೊಗಸಾದ ಕಿಟಕಿ. ಕ್ರಾಂತಿಯ ಸರ್ಕಾರ 1792ರ ಸೆಪ್ಟೆಂಬರ್ 20ರಂದು ವಿಚ್ಛೇದನಕ್ಕೆ ಅವಕಾಶ ಕೊಟ್ಟಿತು. ಇಬ್ಬರಿಗೂ ಬೇಡವಾದರೆ ಸಾಕು, ಸ್ವಭಾವ ಹೊಂದದಿದ್ದರೂ ಸಾಕು. 1804ರ ಸಿವಿಲ್ ಸಂಹಿತೆ ಆ ಬಾಗಿಲನ್ನು ಕಿರಿದು ಮಾಡಿತು. 1816ರಲ್ಲಿ ಬಾಗಿಲು ಪೂರ್ತಿ ಮುಚ್ಚಿತು, ಮತ್ತೆ ತೆರೆದದ್ದು 1884ರಲ್ಲಿ. ಒಲ್ಲದ ಮದುವೆಯಲ್ಲಿ ಸಿಕ್ಕಿಕೊಂಡ ಹೆಣ್ಣೊಬ್ಬಳನ್ನು 1791ರಲ್ಲಿ, 1793ರಲ್ಲಿ, 1815ರಲ್ಲಿ, 1817ರಲ್ಲಿ ಇಟ್ಟು ನೋಡಿ. ಅದೇ ಹೆಣ್ಣು, ಅದೇ ಗಂಡ, ಅದೇ ಪ್ರೇಮಿ. ಕಾದಂಬರಿ ಮಾತ್ರ ನಾಲ್ಕು. ನಾನಾದರೆ 1815 ಆರಿಸುತ್ತೇನೆ. ಬಾಗಿಲು ಮುಚ್ಚಲಿದೆ ಎಂಬ ಗುಸುಗುಸು ಕೇಳುತ್ತಿದೆ, ಇನ್ನೂ ಮುಚ್ಚಿಲ್ಲ, ಅವಳು ಇನ್ನೂ ತೀರ್ಮಾನಿಸಿಲ್ಲ.

ಬಿರುಕಿನ ಒಳಗೆ ಒಂದು ಮುಳ್ಳೂ ಇದ್ದರೆ ಕಥೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಭಾರತದ 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆಯನ್ನು ನೋಡಿ. ವಿಧವೆಯ ಮರುಮದುವೆ ಕಾನೂನಿನ ಕಣ್ಣಲ್ಲಿ ಸಿಂಧುವಾಯಿತು ಎಂಬಷ್ಟೇ ಹೆಚ್ಚಿನವರಿಗೆ ನೆನಪು. ಅದೇ ಕಾಯ್ದೆಯ ಎರಡನೇ ಕಲಮಿನ ಪ್ರಕಾರ ಮರುಮದುವೆಯಾದವಳು ತೀರಿಹೋದ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಕಾನೂನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು. ಅವಳು ಪ್ರೀತಿಗೆ "ಹೂಂ" ಅಂದ ಗಳಿಗೆಯಲ್ಲೇ ತಲೆಯ ಮೇಲಿನ ಸೂರು ಹೋಗಬಹುದು. ಇಂಥ ಕಲಮೊಂದು ಕಣ್ಣಿಗೆ ಬಿದ್ದ ದಿನ ನಾನು ಬೇರೆ ಯಾವ ಓದನ್ನೂ ಮುಂದುವರಿಸುವುದಿಲ್ಲ. ಅದರ ಸುತ್ತಲೇ ಒಂದು ವಾರ ಸುತ್ತುತ್ತೇನೆ.

ಕಾನೂನಿನಷ್ಟೇ ಬಲವಾದ ಬಿರುಕುಗಳು ಆಡಳಿತದ ಪದ್ಧತಿಗಳಲ್ಲೂ ಸಿಗುತ್ತವೆ. ಜಪಾನಿನ ಎದೋ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗಿನ ಆಳ್ವಿಕೆಯಲ್ಲಿ, ಪ್ರಾಂತ್ಯದ ದೊರೆಗಳು ಸರದಿಯ ಮೇಲೆ ಎದೋ ನಗರಕ್ಕೆ, ಅಂದರೆ ಇಂದಿನ ಟೋಕಿಯೊಗೆ, ಬಂದು ಇರಬೇಕಿತ್ತು. 1635ರಲ್ಲಿ ಇದು ಕಟ್ಟುನಿಟ್ಟಿನ ನಿಯಮವಾಯಿತು. ದೊರೆಗಳು ಊರಿಗೆ ಮರಳಿದರೂ ಅವರ ಹೆಂಡತಿ ಮಕ್ಕಳು ಎದೋದಲ್ಲೇ ಉಳಿಯಬೇಕು, ಒಂದು ರೀತಿಯಲ್ಲಿ ಒತ್ತೆಯಾಳುಗಳಾಗಿ. ಅದಕ್ಕೇ ಹಕೋನೆಯ ತಪಾಸಣಾ ಕಟ್ಟೆಯಲ್ಲಿ ನಗರದಿಂದ ಹೊರಹೋಗುವ ಹೆಂಗಸರನ್ನು ಅಷ್ಟು ಕಠಿಣವಾಗಿ ಪರೀಕ್ಷಿಸುತ್ತಿದ್ದರು. ಒಳಬರುವ ಬಂದೂಕು, ಹೊರಹೋಗುವ ಹೆಣ್ಣು, ಈ ಎರಡರ ಮೇಲೆ ಕಾವಲು ಎಂಬ ಮಾತೇ ಆಗ ಬಳಕೆಯಲ್ಲಿತ್ತು. 1862ರಲ್ಲಿ ಈ ನಿಯಮ ಸಡಿಲಗೊಂಡು ಕುಟುಂಬಗಳಿಗೆ ಊರಿಗೆ ಹೋಗಲು ಬಿಟ್ಟರು. ಎದೋದಲ್ಲೇ ಹುಟ್ಟಿ ಬೆಳೆದು ತನ್ನದೇ ಸೀಮೆಯನ್ನು ಎಂದೂ ನೋಡದ ಹೆಣ್ಣಿಗೆ ಇದ್ದಕ್ಕಿದ್ದಂತೆ "ಹೊರಡು" ಅಂದರೆ, ಅವಳ ಪ್ರೀತಿ ಎದೋದಲ್ಲೇ ಇದ್ದರೆ? ಇಲ್ಲಿ ಬಿಡುಗಡೆಯೇ ಅಡ್ಡಿಯಾಗುತ್ತದೆ. ಇಂಥ ತಿರುವನ್ನು ನಾವು ಕೂತು ಕಲ್ಪಿಸುವುದು ಕಷ್ಟ, ಇತಿಹಾಸ ಅದನ್ನು ಸಿದ್ಧವಾಗಿ ಇಟ್ಟಿರುತ್ತದೆ.

ಹೆಜ್ಜೆ 3: ಯುಗದಿಂದ ದಿನಕ್ಕೆ ಇಳಿಯಿರಿ

"ರೀಜೆನ್ಸಿ ಕಾಲದ ಕಥೆ", "ಮೊಘಲರ ಕಾಲದ ಕಥೆ" ಎಂದರೆ ಇನ್ನೂ ಏನನ್ನೂ ಆರಿಸಿಲ್ಲ ಎಂದರ್ಥ. ಇಂಗ್ಲೆಂಡಿನ ರೀಜೆನ್ಸಿ, ಅಂದರೆ ಕಾಯಿಲೆಯ ರಾಜನ ಬದಲಿಗೆ ಯುವರಾಜ ಆಳಿದ ಅವಧಿ, 1811ರ ಫೆಬ್ರವರಿ 5ರಿಂದ 1820ರ ಜನವರಿ 29ರವರೆಗೆ, ಒಂಬತ್ತೇ ವರ್ಷ. ಅಷ್ಟರೊಳಗೆ 1814ರ ಫೆಬ್ರವರಿಯಲ್ಲಿ ಥೇಮ್ಸ್ ನದಿ ಹೆಪ್ಪುಗಟ್ಟಿ, ಅದರ ಮೇಲೆ ಕೊನೆಯ ಹಿಮದ ಜಾತ್ರೆ ನೆರೆಯಿತು. 1815ರ ಏಪ್ರಿಲ್‌ನಲ್ಲಿ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ, ಚಳಿ, ಬೆಳೆನಾಶ. ಹಿಮದ ಜಾತ್ರೆಯಲ್ಲಿ ಸಂಧಿಸಿದ ಜೋಡಿಯೂ 1816ರ ಜುಲೈನ ಸುರಿಮಳೆಯಲ್ಲಿ ಹಳ್ಳಿಮನೆಯೊಂದರಲ್ಲಿ ಸಿಕ್ಕಿಕೊಂಡ ಜೋಡಿಯೂ ಒಂದೇ ಯುಗದವರು. ಆದರೆ ಇಬ್ಬರ ಕಥೆಗೂ ಬೇರೆಯೇ ಹವೆ, ಬೇರೆಯೇ ಹಸಿವು.

ಒಂದು ದಿನದ ಶಕ್ತಿ ಏನೆಂದು ತಿಳಿಯಬೇಕಾದರೆ 1815ರ ಜೂನ್ 15ರ ರಾತ್ರಿಯನ್ನು ನೋಡಿ. ಬ್ರಸೆಲ್ಸ್‌ನಲ್ಲಿ ರಿಚ್ಮಂಡಿನ ಡಚೆಸ್ ಕೊಟ್ಟ ನೃತ್ಯಕೂಟ. ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಇದ್ದಾನೆ, ಅವನ ಅಧಿಕಾರಿಗಳಿದ್ದಾರೆ. ನಡುರಾತ್ರಿಯ ಹೊತ್ತಿಗೆ ನೆಪೋಲಿಯನ್ ಮುನ್ನುಗ್ಗಿ ಬರುತ್ತಿದ್ದಾನೆ ಎಂಬ ಸುದ್ದಿ ಬಂತು, ನರ್ತಿಸುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಹೊರಟರು. ಮರುದಿನ ಕ್ವಾತ್ರ್ ಬ್ರಾ ಕದನ, 18ಕ್ಕೆ ವಾಟರ್ಲೂ. ಈ ರಾತ್ರಿಯನ್ನು ಹಲವರು ಬಳಸಿಕೊಂಡಿದ್ದಾರೆ, ಹಾಗಾಗಿ ನೀವು ಅದನ್ನೇ ಎತ್ತಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಅದರ ರಚನೆಯನ್ನು ಗಮನಿಸಿ: ಸಂತೋಷದ ಒಂದು ಕೂಟ, ಬಾಗಿಲಿಗೆ ಬಂದ ಒಂದು ಸುದ್ದಿ, ಮೂರು ದಿನದ ಕಾಯುವಿಕೆ. ನಿಮ್ಮ ಕಾಲದಲ್ಲೂ ಇಂಥದೊಂದು ರಾತ್ರಿ ಇದ್ದೇ ಇರುತ್ತದೆ. ಅದು ಸಿಕ್ಕರೆ ವರ್ಷ ತನ್ನಿಂದ ತಾನೇ ಗೊತ್ತಾಗುತ್ತದೆ.

ಋತುವನ್ನು ಕಡೆಗಣಿಸಬೇಡಿ. ಮಳೆಗಾಲದಲ್ಲಿ ದಾರಿ ಮುಚ್ಚುತ್ತದೆ, ಸುಗ್ಗಿಯಲ್ಲಿ ಯಾರಿಗೂ ಬಿಡುವಿರುವುದಿಲ್ಲ, ಹಡಗುಗಳು ಗಾಳಿಗೆ ಕಾಯುತ್ತವೆ. ಬೀದಿದೀಪಗಳಿಲ್ಲದ ಕಾಲದಲ್ಲಿ ರಾತ್ರಿ ಹೊರಡಬೇಕಾದವರು ಮೊದಲು ನೋಡುತ್ತಿದ್ದದ್ದು ಚಂದ್ರನನ್ನು. ಅಮಾವಾಸ್ಯೆಯ ರಾತ್ರಿ ಓಡಿಹೋಗುವುದಕ್ಕೂ ಹುಣ್ಣಿಮೆಯ ರಾತ್ರಿ ಓಡಿಹೋಗುವುದಕ್ಕೂ ಅಜಗಜಾಂತರ.

ಹೆಜ್ಜೆ 4: ಇಬ್ಬರೂ ಎಲ್ಲಿ ಮಾತಾಡುತ್ತಾರೆ?

ಸ್ಥಳ ಆರಿಸುವಾಗ ಹೆಚ್ಚಿನವರು ನೋಟಕ್ಕೆ ಮರುಳಾಗುತ್ತಾರೆ: ಕೋಟೆ, ಸರೋವರ, ಬೆಟ್ಟ. ನನ್ನ ಪ್ರಶ್ನೆ ತೀರಾ ಪ್ರಾಯೋಗಿಕವಾದದ್ದು. ಈ ಊರಿನಲ್ಲಿ ಬೇರೆ ಬೇರೆ ಮನೆತನದ ಒಬ್ಬ ಹೆಣ್ಣು, ಒಬ್ಬ ಗಂಡು ಹತ್ತು ನಿಮಿಷ ಯಾರ ಕಿವಿಗೂ ಬೀಳದಂತೆ ಎಲ್ಲಿ ಮಾತಾಡಬಹುದು? ಉತ್ತರವಾಗಿ ಮೂರು ಜಾಗವಾದರೂ ಸಿಗಬೇಕು. ಒಂದೂ ಸಿಗದಿದ್ದರೆ ನಿಮ್ಮ ಪ್ರೇಮಿಗಳು ಇಡೀ ಕಾದಂಬರಿಯನ್ನು ಕಣ್ಣಲ್ಲೇ ಕಳೆಯಬೇಕಾಗುತ್ತದೆ. ಎಲ್ಲ ಕಡೆಯೂ ಸಿಕ್ಕರೆ ಒತ್ತಡವೇ ಇರುವುದಿಲ್ಲ.

18ನೇ ಶತಮಾನದ ವೆನಿಸ್ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ವರ್ಷದ ಹಲವು ತಿಂಗಳು ಮುಖವಾಡ ಹಾಕಿಕೊಂಡು ಓಡಾಡಬಹುದಿತ್ತು. ಶ್ರೀಮಂತ, ಬಡವ, ಗೃಹಿಣಿ, ಪರದೇಶಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಇಡೀ ಊರೇ ಭೇಟಿಯ ಜಾಗವಾಗುತ್ತಿತ್ತು, ಆದರೆ ಎದುರಿಗೆ ನಿಂತವರು ಯಾರೆಂಬ ಭರವಸೆ ಮಾತ್ರ ಇರುತ್ತಿರಲಿಲ್ಲ. 1797ರ ಮೇ 12ರಂದು ಆ ಗಣರಾಜ್ಯ ನೆಪೋಲಿಯನ್ನನಿಗೆ ಮಣಿದು ಕೊನೆಗೊಂಡಿತು. ಮುಖವಾಡದ ಕೊನೆಯ ಚಳಿಗಾಲ ಎಂಬ ಕಲ್ಪನೆಯೇ ನನ್ನನ್ನು ಇವತ್ತಿಗೂ ಕಾಡುತ್ತದೆ.

ಭೇಟಿಯ ಜಾಗಗಳು ಕಾಲದೊಂದಿಗೆ ಬದಲಾಗುತ್ತವೆ ಎಂಬುದನ್ನೂ ಮರೆಯಬಾರದು. 1885ರ ಹೊತ್ತಿಗೆ ಎರಡೂ ಗಾಲಿ ಒಂದೇ ಅಳತೆಯ ಸೈಕಲ್ ಬಂತು. ಮುಂದಿನ ಹತ್ತು ವರ್ಷದಲ್ಲಿ ಯುರೋಪ್, ಅಮೆರಿಕಗಳ ಮಧ್ಯಮವರ್ಗದ ಹೆಣ್ಣುಮಕ್ಕಳು ಹಿರಿಯರ ಕಾವಲಿಲ್ಲದೆ ಊರಾಚೆ ಹೋಗಿಬರುವಂತಾಯಿತು. ರೈಲು ಬಂದದ್ದರಿಂದ ಅಪರಿಚಿತರಿಬ್ಬರು ಗಂಟೆಗಟ್ಟಲೆ ಎದುರು ಬದುರು ಕೂರುವಂತಾಯಿತು. ಒಂದೊಂದು ಯಂತ್ರವೂ ಹೊಸದೊಂದು ಏಕಾಂತವನ್ನು ಹುಟ್ಟಿಸಿದೆ.

ಊರು ನಿಜವಾದದ್ದಿರಬೇಕೋ ಕಲ್ಪಿತವೋ ಎಂದು ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ ಇದು: ರಾಜಧಾನಿ, ಬಂದರು, ರಣರಂಗ ಇವು ನಿಜವಾದವೇ ಇರಲಿ, ನಾಯಕಿಯ ಹಳ್ಳಿ, ಮನೆತನ, ಬೀದಿ ಕಲ್ಪಿತವಾಗಿರಲಿ. ಆದರೆ ಕಲ್ಪಿತ ಹಳ್ಳಿಗೂ ನಿಜವಾದ ವಿಳಾಸ ಬೇಕು. ಯಾವ ನದಿಯ ದಂಡೆ, ಹತ್ತಿರದ ಪೇಟೆಗೆ ಎಷ್ಟು ದೂರ, ತೆರಿಗೆ ಯಾರಿಗೆ ಕಟ್ಟುತ್ತಾರೆ ಎಂಬುದು ನಿಮಗೆ ಗೊತ್ತಿರಬೇಕು. ಒಂದು ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದು ಗೋಡೆಗೆ ಅಂಟಿಸಿ. ಪ್ರೇಮಿಗಳು ದಿನವೂ ನಡೆಯುವ ದಾರಿಯನ್ನು ಅದರಲ್ಲಿ ಬೇರೆ ಬಣ್ಣದಲ್ಲಿ ಎಳೆಯಿರಿ. ಎರಡು ದಾರಿಗಳು ಎಲ್ಲಿ ಕೂಡುತ್ತವೋ ಅಲ್ಲಿಂದ ಕಥೆ ಶುರುವಾಗಬಹುದು.

ಹೆಜ್ಜೆ 5: ಸುದ್ದಿಯ ವೇಗವನ್ನು ಲೆಕ್ಕ ಹಾಕಿ

ಪ್ರೇಮ ಕಾದಂಬರಿಯಲ್ಲಿ ಅರ್ಧ ನೋವು ಕಾಯುವಿಕೆಯದ್ದು. ಎಷ್ಟು ಕಾಯಬೇಕು ಎಂಬುದನ್ನು ನಿಮ್ಮ ವರ್ಷ ನಿರ್ಧರಿಸುತ್ತದೆ. ಹಾಯಿಹಡಗು ಆಫ್ರಿಕದ ತುದಿ ಸುತ್ತಿಕೊಂಡು ಬರುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಪತ್ರ ಬರಲು ಐದಾರು ತಿಂಗಳು ಹಿಡಿಯುತ್ತಿತ್ತು. ಉತ್ತರಕ್ಕೆ ಮತ್ತೆ ಅಷ್ಟೇ. "ನನ್ನನ್ನು ಮದುವೆಯಾಗುತ್ತೀಯಾ" ಎಂದು ಕೇಳಿದವನು ಒಂದು ವರ್ಷ ಕಾಯಬೇಕು, ಅಷ್ಟರಲ್ಲಿ ಕೇಳಿಸಿಕೊಂಡವಳು ಬದುಕಿರುವ ಭರವಸೆಯೂ ಇಲ್ಲ. 1840ರ ದಶಕದಲ್ಲಿ ಈಜಿಪ್ಟಿನ ಮೂಲಕ ಹಬೆಹಡಗಿನ ದಾರಿ ನೆಲೆಗೊಂಡ ಮೇಲೆ ಅದು ಒಂದೂವರೆ ತಿಂಗಳಿನ ಆಸುಪಾಸಿಗೆ ಇಳಿಯಿತು. 1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. 1870ರಲ್ಲಿ ಸಮುದ್ರದಡಿಯ ತಂತಿ ಮುಂಬಯಿ ಮುಟ್ಟಿತು, ಸುದ್ದಿ ಗಂಟೆಗಳಲ್ಲಿ ಬರತೊಡಗಿತು. ಒಂದೇ ಜೀವಮಾನದಲ್ಲಿ ಇಷ್ಟೂ ಬದಲಾವಣೆ. ನಿಮ್ಮ ಕಥೆಗೆ ಎಷ್ಟು ಮೌನ ಬೇಕೋ ಅಷ್ಟು ಮೌನವಿರುವ ವರ್ಷವನ್ನು ಆರಿಸಬಹುದು.

ಪತ್ರದ ಬೆಲೆಯನ್ನೂ ವಿಚಾರಿಸಿ. ಬ್ರಿಟನ್ನಿನಲ್ಲಿ 1840ಕ್ಕೆ ಮುಂಚೆ ಅಂಚೆಯ ಹಣವನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ಕೊಡಬೇಕಿತ್ತು. ದೂರ ಹೆಚ್ಚಿದಷ್ಟೂ, ಹಾಳೆ ಹೆಚ್ಚಿದಷ್ಟೂ ದರ ಏರುತ್ತಿತ್ತು. ಹಾಗಾಗಿ ಜನ ಬೇರೆ ಲಕೋಟೆ ಬಳಸದೆ ಹಾಳೆಯನ್ನೇ ಮಡಚಿ ಅರಗಿನ ಮುದ್ರೆ ಒತ್ತುತ್ತಿದ್ದರು. ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಮೊದಲ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಪ್ರೇಮಪತ್ರ ಬಂದರೆ ಮನೆಯ ಯಜಮಾನನ ಜೇಬಿನಿಂದ ಹಣ ಹೋಗಬೇಕು, ಅಂದರೆ ಪತ್ರ ಬಂದದ್ದು ಅವನಿಗೆ ತಿಳಿಯಲೇಬೇಕು. 1840ರ ಮೇ ತಿಂಗಳಲ್ಲಿ ಒಂದು ಪೆನ್ನಿಯ ಅಂಚೆಚೀಟಿ ಬಂದಾಗ ಪ್ರೇಮಿಗಳಿಗೆ ಎಂಥ ಗುಟ್ಟು ದಕ್ಕಿತು ಎಂದು ಯೋಚಿಸಿ ನೋಡಿ.

ಸುದ್ದಿಯ ದಾರಿ ವಿಚಿತ್ರವಾಗಿದ್ದಷ್ಟೂ ಒಳ್ಳೆಯದು. 1870ರ ಸೆಪ್ಟೆಂಬರ್ 19ರಿಂದ 1871ರ ಜನವರಿ 28ರವರೆಗೆ ಪ್ರಷ್ಯದ ಸೇನೆ ಪ್ಯಾರಿಸನ್ನು ಮುತ್ತಿತ್ತು. ನಗರದೊಳಗಿನವರು ಪತ್ರಗಳನ್ನು ಬಲೂನುಗಳಲ್ಲಿ ಹಾರಿಸಿದರು. ಅರವತ್ತಕ್ಕೂ ಹೆಚ್ಚು ಬಲೂನುಗಳು ಹೊರಟವು. ಬಲೂನು ಗಾಳಿ ಬೀಸಿದತ್ತ ಹೋಗಬಲ್ಲದೇ ಹೊರತು ವಾಪಸು ಬರಲಾರದು. ಉತ್ತರಗಳನ್ನು ಅತಿ ಚಿಕ್ಕ ಛಾಯಾಚಿತ್ರವಾಗಿ ಇಳಿಸಿ ಪಾರಿವಾಳದ ಗರಿಗೆ ಕಟ್ಟಿ ಕಳಿಸಿದರು, ಎಷ್ಟೋ ಪಾರಿವಾಳಗಳು ಮರಳಲೇ ಇಲ್ಲ. ಒಳಗಿದ್ದವಳು ಎಷ್ಟು ಪತ್ರವನ್ನಾದರೂ ಬರೆಯಬಹುದು, ಹೊರಗಿದ್ದವನ ಉತ್ತರ ಒಂದು ಹಕ್ಕಿಯ ಅದೃಷ್ಟ. ನಾಲ್ಕು ತಿಂಗಳ ಈ ಅವಧಿ ಒಂದು ಇಡೀ ಕಾದಂಬರಿಗೆ ಸಾಕು.

ಹೆಜ್ಜೆ 6: ಆಧಾರಗಳು ಸಿಗುತ್ತವೆಯೇ ಎಂದು ಮೂರು ವಾರ ಪರೀಕ್ಷಿಸಿ

ಕಾಲ, ಸ್ಥಳ ಎರಡೂ ಮನಸ್ಸಿಗೆ ಬಂದಿವೆ ಎಂದರೂ ಇನ್ನೂ ಬರೆಯಬೇಡಿ. ಮೂರು ವಾರ ಬರೀ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಿ: ನಾಯಕಿ ಬೆಳಗ್ಗೆ ಎದ್ದು ಬೆಂಕಿ ಹೇಗೆ ಹಚ್ಚುತ್ತಾಳೆ? ನೀರು ಎಲ್ಲಿಂದ ಬರುತ್ತದೆ? ಹೊತ್ತು ಎಷ್ಟಾಯಿತೆಂದು ಹೇಗೆ ತಿಳಿಯುತ್ತದೆ? ಜ್ವರ ಬಂದರೆ ಯಾರನ್ನು ಕರೆಯುತ್ತಾರೆ? ಅವಳಿಗೆ ಓದು ಬರಹ ಬರುತ್ತದೆಯೇ, ಕಲಿಸಿದವರು ಯಾರು? ಅವಳ ಕೈಯಲ್ಲಿ ಎಂದಾದರೂ ಹಣ ಇರುತ್ತದೆಯೇ? ಒಬ್ಬಳೇ ಎಷ್ಟು ದೂರ ಹೋಗಬಹುದು? ಮೂರು ವಾರದ ಕೊನೆಗೆ ಅರ್ಧದಷ್ಟಕ್ಕೂ ಉತ್ತರ ಸಿಗದಿದ್ದರೆ ಐವತ್ತು ವರ್ಷ ಮುಂದಕ್ಕೋ ಪಕ್ಕದ ಊರಿಗೋ ಸರಿಯುವುದು ಜಾಣತನ.

ಯಾವ ಆಧಾರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬ ವಿವೇಚನೆ ಮುಖ್ಯ. ವಿಜಯನಗರಕ್ಕೆ 1443ರಲ್ಲಿ ಬಂದ ಅಬ್ದುರ್ ರಝಾಕ್, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್ ಇಬ್ಬರೂ ಆ ನಗರದ ಪೇಟೆ, ಮೆರವಣಿಗೆ, ಮಹಾನವಮಿಯ ವೈಭವವನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟಿದ್ದಾರೆ. ಆದರೆ ಪರದೇಶಿ ಗಂಡಸರಿಗೆ ತೆರೆದದ್ದು ಬೀದಿ ಮತ್ತು ಸಭೆ. ಸಾಮಾನ್ಯ ಮನೆಯ ಒಳಗೋಣೆಯಲ್ಲಿ ಏನು ಮಾತು ನಡೆಯುತ್ತಿತ್ತೆಂದು ಅವರು ಹೇಳಲಾರರು. ಶಾಸನಗಳು ದಾನ, ಗಡಿ, ತೆರಿಗೆಗಳ ವಿಷಯ ಹೇಳುತ್ತವೆ. ಅವುಗಳಲ್ಲಿ ಬರುವ ಹೆಂಗಸರ ಹೆಸರುಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ಕಥಾನಾಯಕಿಗೆ ಹೆಸರಿಡುವಾಗ ಆ ಪಟ್ಟಿ ಬಂಗಾರ.

ಸಾಮಾನ್ಯ ಜನರ ಮಾತು ಕೇಳಬೇಕೆಂದರೆ ನ್ಯಾಯಾಲಯದ ಕಡತಗಳಿಗೆ ಸಮನಾದದ್ದು ಇಲ್ಲ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರವರೆಗಿನ ಸುಮಾರು ಎರಡು ಲಕ್ಷ ವಿಚಾರಣೆಗಳ ವರದಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕದ್ದ ಲಂಗದ ಬೆಲೆ ಎಷ್ಟು, ಕೆಲಸದವಳು ಎಷ್ಟು ಹೊತ್ತಿಗೆ ಬಾಗಿಲು ಹಾಕಿದಳು, ಬಾಡಿಗೆಯ ಕೋಣೆಯಲ್ಲಿ ಎಷ್ಟು ಜನ ಮಲಗಿದ್ದರು ಎಂಬ ವಿವರಗಳೆಲ್ಲ ಸಾಕ್ಷಿಗಳ ಬಾಯಲ್ಲೇ ಬರುತ್ತವೆ. ಒಂದು ಸಂಜೆ ಅದರಲ್ಲಿ ಕಳೆದರೆ ಹತ್ತು ಸನ್ನಿವೇಶಗಳು ಎದ್ದು ಬರುತ್ತವೆ.

ಈ ಮೂರು ವಾರದಲ್ಲೇ ನಿಮ್ಮ ತಪ್ಪು ನಂಬಿಕೆಗಳೂ ಉದುರುತ್ತವೆ. ಕಡ್ಡಿ ಗೀರಿ ದೀಪ ಹಚ್ಚುವುದು 1820ರ ದಶಕದ ಕೊನೆಗೆ ಬಂದದ್ದು; ಅದಕ್ಕೆ ಮುಂಚೆ ಚಕಮಕಿ ಕಲ್ಲು, ಇಲ್ಲವೇ ಉಳಿಸಿಟ್ಟ ಕೆಂಡ. ಪ್ರಿಯನ ಛಾಯಾಚಿತ್ರವನ್ನು ಎದೆಗೊತ್ತಿಕೊಳ್ಳಬೇಕಾದರೆ 1839 ದಾಟಿರಬೇಕು. 1498ರಲ್ಲಿ ಪೋರ್ಚುಗೀಸರು ಭಾರತದ ಕರಾವಳಿ ಮುಟ್ಟುವ ಮೊದಲು ಇಲ್ಲಿ ಯಾರೂ ಮೆಣಸಿನಕಾಯಿಯನ್ನು ಕಂಡಿರಲಿಲ್ಲ. ಇವೆಲ್ಲ ಸಣ್ಣವು. ದೊಡ್ಡ ನಂಬಿಕೆಯೊಂದಿದೆ, ಹಿಂದೆ ಎಲ್ಲೆಲ್ಲೂ ಹೆಣ್ಣುಮಕ್ಕಳಿಗೆ ಹದಿನಾರರ ಒಳಗೆ ಮದುವೆಯಾಗುತ್ತಿತ್ತು ಎಂಬುದು. 17ನೇ ಶತಮಾನದ ಇಂಗ್ಲೆಂಡಿನ ಸಾಮಾನ್ಯ ಹೆಣ್ಣಿನ ಮೊದಲ ಮದುವೆಯ ಸರಾಸರಿ ವಯಸ್ಸು 25ರ ಆಸುಪಾಸಿನಲ್ಲಿತ್ತು. ಆಕೆ ಹತ್ತು ವರ್ಷ ಬೇರೆಯವರ ಮನೆಯಲ್ಲಿ ದುಡಿದು, ದುಡ್ಡು ಕೂಡಿಟ್ಟು, ತನ್ನ ಜೊತೆಗಾರನನ್ನು ತಾನೇ ನೋಡಿಕೊಂಡಿರುತ್ತಿದ್ದಳು. ವಯಸ್ಕರ ಪ್ರೀತಿಯನ್ನು ಬರೆಯಲು ಅರಮನೆಗಿಂತ ಆ ಕೆಲಸದವಳ ಬದುಕು ಹೆಚ್ಚು ಜಾಗ ಕೊಡುತ್ತದೆ.

ಇದರ ಮಗ್ಗುಲಲ್ಲೇ ಇನ್ನೊಂದು ಮಾತು. ಒಬ್ಬರು ಒಡೆಯರು, ಇನ್ನೊಬ್ಬರು ಗುಲಾಮರು. ಒಬ್ಬರು ಗೆದ್ದವರು, ಇನ್ನೊಬ್ಬರು ಸೆರೆಯಾಳು. ಇಂಥ ಜೋಡಿಯನ್ನು ಹಗುರವಾಗಿ ಎತ್ತಿಕೊಳ್ಳಬಾರದು. "ಬೇಡ" ಎನ್ನುವ ಹಕ್ಕಿಲ್ಲದವರ "ಹೂಂ" ಪ್ರೀತಿಯಾಗುವುದಿಲ್ಲ. ಅಂಥ ಕಾಲವನ್ನು ಬರೆಯಲೇಬಾರದು ಎಂದಲ್ಲ. ಆ ಕಾಲದೊಳಗೇ ಇಬ್ಬರಿಗೂ ನಿರಾಕರಿಸುವ ಶಕ್ತಿಯಿರುವ ಜಾಗ ಯಾವುದೆಂದು ಹುಡುಕಿ, ಕಥೆಯನ್ನು ಅಲ್ಲಿಗೆ ಸಾಗಿಸಬೇಕು.

ಹೆಜ್ಜೆ 7: ಪಂಚಾಂಗ ತಾಳೆ ನೋಡಿ

ಇದು ಚಿಕ್ಕ ಹೆಜ್ಜೆ, ಆದರೆ ತಪ್ಪಿದರೆ ಕಾಲು ಮುರಿಯುತ್ತದೆ. ಹಳೆಯ ಜೂಲಿಯನ್ ಪಂಚಾಂಗ ಬಿಟ್ಟು ಇಂದಿನ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದಾಗ ಇಟಲಿ, ಸ್ಪೇನ್, ಪೋರ್ಚುಗಲ್‌ಗಳಲ್ಲಿ 1582ರ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15. ಬ್ರಿಟನ್ ಅದೇ ಬದಲಾವಣೆಯನ್ನು ಮಾಡಿಕೊಂಡದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನ 14. ಅಂದರೆ 1740ರಲ್ಲಿ ಪ್ಯಾರಿಸ್ಸಿನಲ್ಲಿದ್ದವನು ಲಂಡನ್ನಿನಿಂದ ಬಂದ ಪತ್ರ ಒಡೆದಾಗ ದಿನಾಂಕ 11 ದಿನ ಹಿಂದಿರುತ್ತದೆ. ಅವನು ಬರೆದ ಉತ್ತರ, ಬರೆದ ದಿನಕ್ಕಿಂತ ಮುಂಚೆಯೇ ಅವಳನ್ನು ತಲುಪಿದಂತೆ ಕಾಣಬಹುದು. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಶುರುವಾಗುತ್ತಿದ್ದದ್ದೂ ಮಾರ್ಚ್ 25ಕ್ಕೆ. ರಷ್ಯ 1918ರಲ್ಲಿ, ಜಪಾನ್ 1873ರಲ್ಲಿ ಹೊಸ ಪಂಚಾಂಗಕ್ಕೆ ಬಂದವು. ಶಕವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯ ವರ್ಷ ಸಿಗುತ್ತದೆ, ಆದರೆ ಶಕವರ್ಷದ ಕೊನೆಯ ತಿಂಗಳುಗಳಿಗೆ 79 ಕೂಡಿಸಬೇಕು. ದಕ್ಷಿಣ ಭಾರತದ ತಿಥಿ, ವಾರಗಳನ್ನು ತಾಳೆ ನೋಡಲು ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಹೊರತಂದ ಪಂಚಾಂಗ ಕೋಷ್ಟಕಗಳು ಇವತ್ತಿಗೂ ಕೈಗೆ ಬರುತ್ತವೆ.

ಹೆಜ್ಜೆ 8: ಕಥೆ ಮುಗಿದ ಮೇಲಿನ ಹತ್ತು ವರ್ಷವನ್ನು ನೋಡಿ

ಪ್ರೇಮ ಕಾದಂಬರಿಯ ಓದುಗರು ಕೊನೆಯ ಪುಟ ಮುಚ್ಚಿದ ಮೇಲೂ ಆ ಜೋಡಿಯೊಂದಿಗೆ ಇರುತ್ತಾರೆ. ಆದ್ದರಿಂದ ಕೊನೆಯ ಅಧ್ಯಾಯದ ದಿನಾಂಕಕ್ಕೆ ಹತ್ತು ವರ್ಷ ಸೇರಿಸಿ, ಆ ಊರಿಗೆ ಏನಾಯಿತೆಂದು ಓದಿ. 1755ರ ಅಕ್ಟೋಬರ್‌ನಲ್ಲಿ ಲಿಸ್ಬನ್ನಿನ ಒಂದು ಮನೆಯಲ್ಲಿ ಅವರು ಸುಖವಾಗಿ ನೆಲೆಸಿದರು ಎಂದು ಮುಗಿಸಿದರೆ, ನವೆಂಬರ್ 1ರ ಬೆಳಗ್ಗೆ ಭೂಕಂಪ, ಕಡಲ ಅಲೆ, ಬೆಂಕಿ ಮೂರೂ ಸೇರಿ ಆ ನಗರವನ್ನು ನೆಲಸಮ ಮಾಡಿದ್ದು ತಿಳಿದವರಿಗೆ ಎದೆ ಒಡೆಯುತ್ತದೆ. 1564ರಲ್ಲಿ ವಿಜಯನಗರದ ಪೇಟೆಯಲ್ಲಿ ಅಂಗಡಿ ಇಟ್ಟುಕೊಟ್ಟರೆ 1565ರ ಜನವರಿಯ ತಾಳಿಕೋಟೆ ಯುದ್ಧ ಬಾಗಿಲಲ್ಲೇ ನಿಂತಿರುತ್ತದೆ. 1912ರ ಯುರೋಪಿನಲ್ಲಿ ಇಪ್ಪತ್ತೆರಡರ ನಾಯಕನ ಗತಿಯನ್ನು ಹೇಳಬೇಕಾಗಿಯೇ ಇಲ್ಲ.

ಇದಕ್ಕೆ ಮೂರು ದಾರಿಗಳಿವೆ. ಕಥೆಯನ್ನು ಆ ಘಟನೆ ದಾಟುವವರೆಗೂ ಬೆಳೆಸುವುದು. ಇಲ್ಲವೇ ಜೋಡಿಯನ್ನು ಕೊನೆಯಲ್ಲಿ ಊರಿನಿಂದ ಹೊರಗೆ ಕಳಿಸುವುದು. ಇಲ್ಲವೇ ಮುಂದೆ ಬರಲಿರುವುದು ಓದುಗರಿಗೆ ಗೊತ್ತು ಎಂಬುದನ್ನೇ ಒಪ್ಪಿಕೊಂಡು ಕೊನೆಯ ದೃಶ್ಯವನ್ನು ಆ ನೆರಳಿನಲ್ಲಿ ಬರೆಯುವುದು. ಮೂರನೆಯದು ಕಷ್ಟದ ದಾರಿ. ಕೈಗೂಡಿದರೆ ಅದರಷ್ಟು ಕಾಡುವುದು ಬೇರೊಂದಿಲ್ಲ.

ಹೆಜ್ಜೆ 9: ಒಂದೇ ದೃಶ್ಯವನ್ನು ಮೂರು ಕಡೆ ಬರೆಯಿರಿ

ಇಷ್ಟಾದರೂ ಎರಡು ಮೂರು ಕಾಲಗಳು ನಿಮ್ಮನ್ನು ಸೆಳೆಯುತ್ತಲೇ ಇರಬಹುದು. ಆಗ ಬುದ್ಧಿಯಿಂದ ತೀರ್ಮಾನಿಸಲು ಹೋಗಬೇಡಿ, ಕೈಗೆ ಬಿಡಿ. ಇಬ್ಬರೂ ಮೊದಲ ಸಲ ಏಕಾಂತದಲ್ಲಿ ಮಾತಾಡುವ ದೃಶ್ಯವನ್ನು ಮೂರು ಪುಟದಷ್ಟು, ಮೂರೂ ಕಡೆ ಇಟ್ಟು ಬರೆಯಿರಿ. ಪುಸ್ತಕ ನೋಡದೆ, ನೆನಪಿನಲ್ಲಿ ಉಳಿದದ್ದರಿಂದಲೇ ಬರೆಯಿರಿ. ಒಂದು ವಾರ ಬಿಟ್ಟು ತೆಗೆದು ಓದಿ, ಆ ಕಾಲದಲ್ಲಿ ಮಾತ್ರ ಆಡಬಹುದಾದ ಮಾತುಗಳ ಕೆಳಗೆ ಗೆರೆ ಎಳೆಯಿರಿ. "ನಿನ್ನ ಪತ್ರಕ್ಕೆ ಅಪ್ಪ ಹಣ ಕೊಡಲಿಲ್ಲ, ವಾಪಸು ಕಳಿಸಿದರು" ಎಂಬಂಥ ಮಾತುಗಳು. ಗೆರೆಗಳು ಹೆಚ್ಚಿರುವ ಪುಟ ಯಾವುದೋ ನಿಮ್ಮ ಕಾಲ ಅದು.

ನಾನು ಎತ್ತಿಟ್ಟಿದ್ದ ಆ 140 ಪುಟಗಳಿಗೂ ಕೊನೆಗೆ ಹೀಗೇ ಜೀವ ಬಂತು. ನಾಯಕಿಗೆ 20 ವರ್ಷ 10 ತಿಂಗಳು, 21 ತುಂಬಲು ಇನ್ನು ಎರಡೇ ತಿಂಗಳು. ಅವನ ಪಡೆಗೆ ಹಡಗು ಹತ್ತುವ ಆಜ್ಞೆ ಬಂದಿದೆ, ಆರು ವಾರದ ಗಡುವು. ತಂದೆ ಸಹಿ ಹಾಕುವುದಿಲ್ಲ. ಉತ್ತರ ದಿಕ್ಕಿಗೆ, ಸ್ಕಾಟ್ಲೆಂಡಿಗೆ ದಾರಿ ಇದೆ, ಆದರೆ 1814ರ ಜನವರಿಯ ಹಿಮ ಆ ದಾರಿಯನ್ನು ಮುಚ್ಚಿದೆ. ಗೆಳತಿಯ ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದು, ಅದರ ಕೆಳಗೆ ತಿಂಗಳು, ವಾರ, ಚಂದ್ರನ ಸ್ಥಿತಿ, ಆ ರಾತ್ರಿ ಯಾರು ಯಾವ ಊರಿನಲ್ಲಿದ್ದಾರೆ ಎಂಬುದನ್ನು ಬರೆದುಕೊಂಡೆ. ಮರುದಿನ ಬೆಳಗ್ಗೆ ಮೊದಲ ಅಧ್ಯಾಯವನ್ನು ಹೊಸದಾಗಿ ಶುರುಮಾಡಿದೆ.